ಅನ್ನದ ವಿಳಾಸ

‘ರೈತನೇ ದೇಶದ ಬೆನ್ನೆಲುಬು’ ಎಂಬ ವಿಷಯವನ್ನು ಕುರಿತು ಪ್ರಬಂಧ ಬರೆಯದೆ ಪ್ರೌಢಶಾಲೆಯನ್ನು ದಾಟಿದ ವಿದ್ಯಾರ್ಥಿ ಕನ್ನಡ ನಾಡಿನಲ್ಲಿ ದೊರೆಯುವುದು ಅಪರೂಪ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಭಾಗಗಳಲ್ಲಿ ಆ ಪ್ರಬಂಧ ಸಲೀಸಾಗಿ ಸಾಗುತ್ತದೆ, ‘ಅನ್ನದಾತ’ ಎಂಬ ಮಾತು ಎರಡು ಸಲವಾದರೂ ಬರುತ್ತದೆ, ಅಂಕಗಳೂ ಬರುತ್ತವೆ. ಅದನ್ನು ಬರೆದ ಬಾಲಕನೇ ಮರುದಿನ ಗಣಿತದ ಲೆಕ್ಕದಲ್ಲಿ ತಪ್ಪಿದನೆನ್ನಿ. ‘ನಿನಗೆ ಓದು ಹತ್ತುವುದಿಲ್ಲ, ದನ ಕಾಯಲು ಹೋಗು’ ಎಂಬ ಬೈಗುಳ ಅವನ ಕಿವಿಗೆ ಬೀಳುತ್ತದೆ. ಮನೆಯಲ್ಲಿ ತಂದೆಯೂ ಅದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತಾನೆ: ‘ಓದಿಕೊಳ್ಳಪ್ಪ, ಇಲ್ಲವಾದರೆ ನನ್ನ ಹಾಗೆ ಮಣ್ಣು ಹೊರಬೇಕಾದೀತು.’ ಪ್ರಬಂಧದಲ್ಲಿ ಬೆನ್ನೆಲುಬಾಗಿದ್ದ ಕಸುಬು ಬೈಗುಳದಲ್ಲಿ ಶಿಕ್ಷೆಯಾಗಿ ನಿಲ್ಲುತ್ತದೆ. ಈ ಎರಡು ಮಾತುಗಳ ನಡುವೆ ಬೆಳೆಯುವ ಮಗು ಯಾವುದನ್ನು ನಂಬಬೇಕು?

ಹೊಗಳಿಕೆಯೂ ಹೆದರಿಕೆಯೂ ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಒಂದು ವಿಷಯದಲ್ಲಿ ಅವು ಒಂದೇ. ಎರಡೂ ಮಗುವಿನ ಕಣ್ಣನ್ನು ಹೊಲದ ಕಡೆಗೆ ತಿರುಗಿಸುವುದಿಲ್ಲ. ಹೊಗಳುವವನಿಗೆ ಹೊಲವನ್ನು ನೋಡುವ ಅಗತ್ಯವಿಲ್ಲ. ಹೆದರಿದವನಿಗೆ ನೋಡುವ ಮನಸ್ಸಿಲ್ಲ. ಆದುದರಿಂದಲೇ ಬೇಸಾಯದ ಮನೆಯಲ್ಲಿ ಹುಟ್ಟಿದ ಮಕ್ಕಳು ಸಹ ತಮ್ಮ ತಟ್ಟೆಗೆ ಬಂದ ಅನ್ನದ ವಿಳಾಸವನ್ನು ಅರಿಯದೆ ಬೆಳೆಯುವುದುಂಟು. ಅವರಿಗೆ ಬೇಕಾದುದು ಇನ್ನೊಂದು ಉಪದೇಶವಲ್ಲ. ನೋಡುವ, ಎಣಿಸುವ, ಮುಟ್ಟುವ, ರುಚಿ ನೋಡುವ, ತಪ್ಪಿದಾಗ ನಕ್ಕು ಮತ್ತೆ ತೊಡಗುವ ಅವಕಾಶ ಬೇಕು. ಒಂದೇ ಮಾತಿನಲ್ಲಿ ಹೇಳುವುದಾದರೆ, ಆಟ ಬೇಕು. ಆಟವೆಂದೊಡನೆ ಅದು ಹಗುರವಾದುದೆಂದು ತಿಳಿಯಬೇಕಾಗಿಲ್ಲ. ಕಬಡ್ಡಿಯ ಅಂಗಳದಲ್ಲಿ ಮಕ್ಕಳು ತೋರುವಷ್ಟು ಏಕಾಗ್ರತೆಯನ್ನು ಯಾವ ತರಗತಿಯಲ್ಲಿ ತೋರುತ್ತಾರೆ?

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನು ನಿದರ್ಶನಕ್ಕಾಗಿ ತೆಗೆದುಕೊಳ್ಳಬಹುದು. 1997ರಲ್ಲಿ ಈ ಜಿಲ್ಲೆ ರೂಪುಗೊಂಡಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾದುದು ಈಚೆಗೆ. ಒಂದೇ ಜಿಲ್ಲೆಯವೆಂದು ಹೇಳಲು ಕಷ್ಟವಾಗುವಷ್ಟು ಅವುಗಳ ನೆಲ ಬೇರೆ, ನೀರು ಬೇರೆ. ಚನ್ನಗಿರಿ ಅಡಿಕೆಯ ನಾಡು. ಕೊಯ್ಲಿನ ಕಾಲದಲ್ಲಿ ಅಲ್ಲಿ ಬೇಯಿಸಿದ ಅಡಿಕೆ ಅಂಗಳಗಳಲ್ಲಿ ಹರಡಿಕೊಂಡಿರುತ್ತದೆ. ಚೊಗರಿನ ವಾಸನೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಏಷ್ಯಾದ ದೊಡ್ಡ ಕೆರೆಗಳಲ್ಲಿ ಒಂದೆಂದು ಹೆಸರಾದ ಶಾಂತಿಸಾಗರ ಅದೇ ತಾಲ್ಲೂಕಿನಲ್ಲಿದೆ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ ಹರಿದ ನದಿ ಹೊನ್ನಾಳಿಯ ಮಗ್ಗುಲಲ್ಲೇ ಸಾಗುತ್ತದೆ. ಅಲ್ಲಿ ಭತ್ತದ ಗದ್ದೆಗಳಿವೆ. ನ್ಯಾಮತಿಯ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳ ಆಳೆತ್ತರಕ್ಕೆ ನಿಲ್ಲುತ್ತದೆ. ಜಗಳೂರಿನಲ್ಲಿಯೂ ಮೆಕ್ಕೆಜೋಳವುಂಟು, ಶೇಂಗಾ ಉಂಟು, ಈರುಳ್ಳಿ ಉಂಟು. ಆದರೆ ಅಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಇರುವುದು ಮಳೆಯ ನಿರೀಕ್ಷೆ. ಬರ ಎಂಬುದು ಆ ಊರಿನ ಮಕ್ಕಳಿಗೆ ನಿಘಂಟನ್ನು ನೋಡಿ ತಿಳಿಯಬೇಕಾದ ಪದವಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಈ ಬೆಳೆಗಳಲ್ಲಿ ಅಡಿಕೆ ಆಹಾರವೇ ಅಲ್ಲ. ಹಣ ತರುತ್ತದೆ, ಹೊಟ್ಟೆ ತುಂಬಿಸುವುದಿಲ್ಲ. ಮೆಕ್ಕೆಜೋಳದ ಬಹುಪಾಲು ಕೋಳಿಯ ಮೇವಿಗೂ ಪಿಷ್ಟದ ಕಾರ್ಖಾನೆಗೂ ಹೋಗುತ್ತದೆ. ಬೆಳೆದವನ ಮನೆಯಲ್ಲಿ ಅದರ ರೊಟ್ಟಿ ಸುಡುವುದು ಅಪರೂಪ. ಹೀಗೆ ತಾವು ಬೆಳೆದುದನ್ನು ಉಣ್ಣದ, ಉಣ್ಣುವುದನ್ನು ಬೆಳೆಯದ ಮನೆಗಳು ಹೆಚ್ಚಾಗುತ್ತ ಬಂದಿವೆ. ಅಂಥ ಮನೆಯ ಮಗುವಿಗೆ ಅನ್ನದ ಮೂಲ ಅಂಗಡಿಯ ಚೀಲವೆಂದು ತೋರಿದರೆ ತಪ್ಪು ಯಾರದು?

ಆ ವಿಳಾಸವನ್ನು ಹುಡುಕುವ ಆಟವನ್ನು ಶಾಲೆಯ ಊಟದ ಪಂಕ್ತಿಯಲ್ಲಿಯೇ ಆರಂಭಿಸಬಹುದು. ಕರ್ನಾಟಕದ ಶಾಲೆಗಳಲ್ಲಿ 2002-03ರಲ್ಲಿ ಆರಂಭವಾದ ‘ಅಕ್ಷರ ದಾಸೋಹ’ ಮುಂದೆ ಪ್ರೌಢಶಾಲೆಗೂ ವಿಸ್ತರಿಸಿತು. ದಿನವೂ ಲಕ್ಷಾಂತರ ತಟ್ಟೆಗಳಿಗೆ ಅನ್ನ, ಸಾರು ಬೀಳುತ್ತದೆ. ಒಂದು ದಿನ ಆ ತಟ್ಟೆಯನ್ನೇ ಪಠ್ಯಪುಸ್ತಕವಾಗಿ ತೆರೆದರೆ ಹೇಗೆ? ಗೋಡೆಯ ಮೇಲೆ ಭಾರತದ ನಕ್ಷೆ ಇರಲಿ. ಅಕ್ಕಿಗೆ ಒಂದು ದಾರ, ಬೇಳೆಗೆ ಒಂದು ದಾರ, ಉಪ್ಪಿಗೆ ಒಂದು ದಾರ. ಅಕ್ಕಿಯ ಚೀಲದ ಮೇಲಿನ ಮುದ್ರೆಯನ್ನು ಓದಬೇಕು, ಅಡುಗೆಯಮ್ಮನನ್ನು ಕೇಳಬೇಕು, ಕಿರಾಣಿ ಅಂಗಡಿಯವನನ್ನು ಕಾಡಬೇಕು. ತೊಗರಿಬೇಳೆಯ ದಾರ ಕಲಬುರಗಿಯ ಕಡೆಗೆ ಹೋದೀತು. ಉಪ್ಪಿನದು ಗುಜರಾತಿನ ಕಡಲ ತೀರಕ್ಕೆ. ಇಂಗಿನ ದಾರವಂತೂ ನಕ್ಷೆಯ ಅಂಚನ್ನು ದಾಟಿ ಅಫ್ಘಾನಿಸ್ತಾನದ ಕಡೆ ಎಳೆಯಬೇಕಾಗುತ್ತದೆ. ‘ಇಂಗು ತೆಂಗು ಇದ್ದರೆ ಮಂಗನೂ ಅಡಿಗೆ ಮಾಡುತ್ತದೆ’ ಎಂಬ ಗಾದೆಯಲ್ಲಿ ತೆಂಗು ಹಿತ್ತಲಿನದು, ಇಂಗು ಮಾತ್ರ ಪರದೇಶದ್ದು ಎಂದು ತಿಳಿದ ಮಗು ಆ ಗಾದೆಯನ್ನು ಇನ್ನೆಂದಿಗೂ ಮರೆಯಲಾರದು.

ಭಾಷೆಯೂ ಈ ಆಟಕ್ಕೆ ಒದಗಿಬರುತ್ತದೆ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಶೇಂಗಾ, ಮೆಕ್ಕೆಜೋಳ ಇವೆಲ್ಲವೂ ಅಮೆರಿಕ ಖಂಡಗಳಿಂದ ಕಡಲು ದಾಟಿ ಬಂದವು. ಹದಿನಾರನೆಯ ಶತಮಾನಕ್ಕೆ ಮೊದಲು ಅವು ಭಾರತದಲ್ಲಿ ಇರಲಿಲ್ಲ. ಹಾಗಾದರೆ ಅದಕ್ಕೆ ಮೊದಲು ಕನ್ನಡಿಗರ ಸಾರಿಗೆ ಖಾರ ಎಲ್ಲಿಂದ ಬರುತ್ತಿತ್ತು? ಮೆಣಸಿನಿಂದ, ಎಂದರೆ ಇಂದು ಕರಿಮೆಣಸು ಎಂದು ಕರೆಯುವ ಬಳ್ಳಿಯ ಕಾಳಿನಿಂದ. ಹೊಸದಾಗಿ ಬಂದ ಗಿಡದ ಕಾಯಿಯೂ ಖಾರವಾಗಿದ್ದುದರಿಂದ ಅದನ್ನು ಜನರು ‘ಮೆಣಸಿನ ಕಾಯಿ’ ಎಂದರು. ಬಂದ ಅತಿಥಿ ಮನೆಯೊಡೆಯನ ಹೆಸರನ್ನೇ ಹೊತ್ತುಕೊಂಡ. ಮನೆಯೊಡೆಯನು ‘ಕರಿ’ ಎಂಬ ವಿಶೇಷಣವನ್ನು ಸೇರಿಸಿಕೊಂಡು ತನ್ನನ್ನು ಗುರುತಿಸಿಕೊಳ್ಳಬೇಕಾಯಿತು. ‘ಹದಿನೈದನೆಯ ಶತಮಾನದ ಅಡಿಗೆಮನೆ’ ಎಂಬ ಆಟದಲ್ಲಿ ಮಕ್ಕಳಿಗೆ ಒಂದು ಬುಟ್ಟಿ ತರಕಾರಿಯನ್ನು ಕೊಟ್ಟು, ಅಂದು ಇರಲಾರದವುಗಳನ್ನು ತೆಗೆದಿಡಲು ಹೇಳಿದರೆ, ಬುಟ್ಟಿಯಲ್ಲಿ ಬದನೆ, ಹೀರೆ, ಕುಂಬಳ, ಅವರೆಗಳಂಥವು ಉಳಿಯುತ್ತವೆ. ಬೂದುಗುಂಬಳ ಹಳೆಯದು, ಸಿಹಿಗುಂಬಳ ಹೊಸದು ಎಂಬ ತಕರಾರು ಎದ್ದರೆ ಇನ್ನೂ ಒಳ್ಳೆಯದು. ಇತಿಹಾಸದ ತರಗತಿಯಲ್ಲಿ ಇಸವಿಗಳನ್ನು ನೆನಪಿಡಲು ಒದ್ದಾಡುವ ಹುಡುಗನೂ ಇಲ್ಲಿ ವಾದಕ್ಕೆ ನಿಲ್ಲುತ್ತಾನೆ.

ಬೇಸಾಯವನ್ನು ಆಟದಿಂದ ಕಲಿಸುವುದು ಹೊಸ ಕಲ್ಪನೆಯಲ್ಲ. ಹಳ್ಳಿಯ ಹಿರಿಯರಿಗೆ ಅದು ಗೊತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆಯಂದು ಮಕ್ಕಳು ಕೆರೆಯ ಮಣ್ಣನ್ನು ತಂದು, ಕಲಸಿ, ಹದ ಮಾಡಿ ಎತ್ತುಗಳನ್ನು ಮಾಡುತ್ತಾರೆ. ಮಣ್ಣಿನಲ್ಲಿ ಮರಳು ಹೆಚ್ಚಾದರೆ ಎತ್ತಿನ ಕೊಂಬು ನಿಲ್ಲದು. ಜಿಗುಟು ಹೆಚ್ಚಾದರೆ ಒಣಗುವಾಗ ಬಿರಿಯುತ್ತದೆ. ಯಾವ ಮಣ್ಣು ನೀರನ್ನು ಹಿಡಿದಿಡುತ್ತದೆ, ಯಾವುದು ಬಿಟ್ಟುಕೊಡುತ್ತದೆ ಎಂಬ ಮಣ್ಣಿನ ಶಾಸ್ತ್ರದ ಮೊದಲ ಪಾಠ ಮಗುವಿನ ಬೆರಳುಗಳಿಗೆ ಅಲ್ಲಿಯೇ ದೊರೆಯುತ್ತದೆ. ಅಳಗುಳಿಮಣೆಯ ಹದಿನಾಲ್ಕು ಗುಳಿಗಳಲ್ಲಿ ಕೈಯಲ್ಲಿರುವ ಹುಣಿಸೆಯ ಬೀಜಗಳನ್ನು ಒಂದೊಂದಾಗಿ ಹಾಕುತ್ತ ಹೋಗುವುದು ಬಿತ್ತನೆಯ ಅಣಕವಲ್ಲದೆ ಮತ್ತೇನು? ಹೊನ್ನಾಳಿ, ನ್ಯಾಮತಿಗಳ ಸೀಮೆಯಲ್ಲಿ ಸೀಗೆ ಹುಣ್ಣಿಮೆಯ ಹೊತ್ತಿಗೆ ಮನೆಯ ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಬಗೆಬಗೆಯ ಅಡಿಗೆಯನ್ನಿಟ್ಟು ಹೊಲಕ್ಕೆ ಒಯ್ದು ಭೂಮಿಗೆ ಉಣಬಡಿಸುತ್ತಾರೆ. ತೆನೆಗಟ್ಟುವ ಪೈರು ಬಸುರಿಯೆಂಬ ಭಾವನೆ ಅದರ ಹಿಂದೆ ಇದೆ. ಮನೆಮಂದಿಯೆಲ್ಲ ಬದುವಿನ ಮೇಲೆ ಕುಳಿತು ಉಣ್ಣುವ ಆ ದಿನದಲ್ಲಿ ಪಾಠವಿದೆ ಎಂದು ಯಾರೂ ಘೋಷಿಸುವುದಿಲ್ಲ. ಪ್ರಾಯಶಃ ಅದರ ಯಶಸ್ಸಿನ ಗುಟ್ಟು ಅದೇ.

ಇನ್ನು ನ್ಯಾಮತಿಯ ಮಕ್ಕಳ ಕೈಗೆ ಎಟುಕುವಷ್ಟು ಹತ್ತಿರದಲ್ಲಿರುವ ಮೆಕ್ಕೆಜೋಳದ ಮಾತು. ಒಂದು ತೆನೆಯನ್ನು ಸುಲಿದು ಅದರ ಸುತ್ತಲಿನ ಸಾಲುಗಳನ್ನು ಎಣಿಸಲು ಹೇಳಬೇಕು. ಹನ್ನೆರಡು, ಹದಿನಾಲ್ಕು, ಹದಿನಾರು ಎಂದು ಉತ್ತರಗಳು ಬರುತ್ತವೆ. ಹದಿಮೂರು ಎಂದವನು ಮತ್ತೆ ಎಣಿಸಬೇಕು. ಏಕೆಂದರೆ ಮೆಕ್ಕೆಜೋಳದ ಸಾಲುಗಳು ಸರಿಸಂಖ್ಯೆಯಲ್ಲಿಯೇ ಇರುತ್ತವೆ. ಎಳೆಯ ತೆನೆಯಲ್ಲಿ ಮೂಡುವ ಪ್ರತಿಯೊಂದು ಮೊಗ್ಗೂ ಎರಡಾಗಿ ಸೀಳಿ ಜೋಡಿ ಹೂಗಳಾಗುವುದೇ ಇದಕ್ಕೆ ಕಾರಣ. ಇಡೀ ತರಗತಿ ತಂದ ತೆನೆಗಳಲ್ಲಿ ಬೆಸಸಂಖ್ಯೆಯದೊಂದನ್ನು ಹುಡುಕಿಕೊಟ್ಟವರಿಗೆ ಬಹುಮಾನವೆಂದು ಸಾರಿದರೆ ಹುಡುಗರು ವಾರವಿಡೀ ಹೊಲಗಳನ್ನು ಸುತ್ತುತ್ತಾರೆ. ಬಹುಮಾನ ಮೇಷ್ಟರ ಮೇಜಿನಲ್ಲಿ ಭದ್ರವಾಗಿ ಉಳಿಯುತ್ತದೆ. ಸಾಲಿಗೆ ಮೂವತ್ತೈದು ಕಾಳಿನಂತೆ ಹದಿನಾರು ಸಾಲುಗಳಾದರೆ 560 ಕಾಳು. ಬಿತ್ತಿದ್ದು ಒಂದು. ಗುಣಾಕಾರದ ಲೆಕ್ಕ ಇಷ್ಟು ರುಚಿಯಾಗಿ ಬೇರೆಲ್ಲಿ ಸಿಕ್ಕೀತು?

ಆ ತೆನೆಯ ತುದಿಯಲ್ಲಿ ಇಳಿಬಿದ್ದ ರೇಷ್ಮೆಯಂಥ ಕೂದಲನ್ನು ಮಕ್ಕಳು ಮೀಸೆ ಮಾಡಿಕೊಂಡು ಆಡುತ್ತಾರೆ. ಆಡಲಿ. ಆದರೆ ಆ ಒಂದೊಂದು ಕೂದಲೂ ಒಳಗಿನ ಒಂದೊಂದು ಕಾಳಿಗೆ ಸೇರಿದ್ದೆಂದು ಆಮೇಲೆ ಹೇಳಬೇಕು. ಗಿಡದ ನೆತ್ತಿಯ ಗಂಡು ಹೂವಿನಿಂದ ಉದುರಿದ ಪರಾಗದ ಕಣ ಒಂದು ಕೂದಲಿನ ಮೇಲೆ ಬಿದ್ದು ಒಳಗಿಳಿದರೆ ಒಂದು ಕಾಳು; ಬೀಳದಿದ್ದರೆ ಆ ಜಾಗ ಬರಿದು. ಹೂವಿನ ಹೊತ್ತಿಗೆ ಮಳೆ ಕೈಕೊಟ್ಟ ವರ್ಷ ತೆನೆಗಳು ಹಲ್ಲುದುರಿದ ಮುದುಕನ ಬಾಯಿಯಂತಾಗುವುದು ಏಕೆ ಎಂಬುದಕ್ಕೆ ಉತ್ತರ ಅಲ್ಲಿದೆ. ಜಗಳೂರಿನ ಮಗು ಅಂಥ ತೆನೆಯನ್ನು ಕಂಡಿರುತ್ತದೆ. ತಂದೆಯ ಮುಖ ಆ ದಿನ ಹೇಗಿತ್ತೆಂಬುದನ್ನೂ ಕಂಡಿರುತ್ತದೆ. ಕಾರಣ ತಿಳಿದಾಗ ದುಃಖ ಹೋಗುವುದಿಲ್ಲ ನಿಜ. ಆದರೆ ಅದು ಹಣೆಬರಹವೆಂಬ ಮಾತಿಗೆ ಒಪ್ಪಿಸಿಬಿಡುವ ಸಂಗತಿಯಾಗಿ ಉಳಿಯುವುದಿಲ್ಲ.

ಪತ್ತೇದಾರಿಕೆಯನ್ನು ಇಷ್ಟಪಡುವ ಮಕ್ಕಳಿಗೆ ಇದೇ ಬೆಳೆಯಲ್ಲಿ ಇನ್ನೊಂದು ಕೆಲಸವುಂಟು. ಅಮೆರಿಕದ ಮೂಲದ ಒಂದು ಬಗೆಯ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದುದು 2018ರಲ್ಲಿ, ನೆರೆಯ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಅದರ ತಲೆಯ ಮೇಲೆ ಇಂಗ್ಲಿಷಿನ ‘ವೈ’ ಅಕ್ಷರವನ್ನು ತಲೆಕೆಳಗು ಮಾಡಿ ಬರೆದಂತಹ ಗುರುತಿರುತ್ತದೆ. ಸುಳಿಯ ಎಲೆಗಳಲ್ಲಿ ಕಿಟಕಿಗಳಂಥ ತೂತುಗಳಿರುತ್ತವೆ. ಬೆಳಗಿನ ಹೊತ್ತು ಐದು ಸಾಲುಗಳಲ್ಲಿ ತಿರುಗಿ, ಎಷ್ಟು ಗಿಡಗಳಲ್ಲಿ ಈ ಕುರುಹುಗಳಿವೆ ಎಂದು ಬರೆದು ತರುವ ಮಕ್ಕಳ ತಂಡ ತಂದೆತಾಯಿಗಳಿಗೂ ಉಪಕಾರ ಮಾಡೀತು. ಔಷಧದ ಡಬ್ಬಿಯನ್ನೂ ಸಿಂಪಡಿಸುವ ಯಂತ್ರವನ್ನೂ ಮಾತ್ರ ಮಕ್ಕಳು ಮುಟ್ಟತಕ್ಕದ್ದಲ್ಲ; ಸಿಂಪಡಿಸಿದ ಹೊಲಕ್ಕೆ ಕಾಲಿಡತಕ್ಕದ್ದೂ ಅಲ್ಲ. ಈ ಎಚ್ಚರಿಕೆಯಲ್ಲಿ ಆಟವಿಲ್ಲ.

ಜಗಳೂರಿಗೆ ಒಪ್ಪುವ ಆಟಗಳೂ ಬೇರೆಯೇ. ಶೇಂಗಾ ಎಲ್ಲಿ ಬಿಡುತ್ತದೆ ಎಂದು ಕೇಳಿದರೆ ‘ಬೇರಿನಲ್ಲಿ’ ಎಂದು ದೊಡ್ಡವರೂ ಹೇಳಿಬಿಡುತ್ತಾರೆ. ಒಂದು ಗಿಡವನ್ನು ಕುಂಡದಲ್ಲಿ ಬೆಳೆಸಿ ಕಾದು ನೋಡಿದರೆ ನಿಜ ತಿಳಿಯುತ್ತದೆ. ಹಳದಿಯ ಹೂವು ಅರಳುವುದು ನೆಲದ ಮೇಲೆ. ಅದು ಬಾಡಿದ ಮೇಲೆ ಬುಡದಿಂದ ಸೂಜಿಯಂಥ ಕಡ್ಡಿಯೊಂದು ಹೊರಟು, ಬಾಗಿ, ಮಣ್ಣನ್ನು ಚುಚ್ಚಿ ಒಳಗಿಳಿಯುತ್ತದೆ. ಕತ್ತಲಲ್ಲಿ ಅದರ ತುದಿ ಊದಿ ಕಾಯಾಗುತ್ತದೆ. ನೆಲ ಗಟ್ಟಿಯಾಗಿದ್ದರೆ ಕಡ್ಡಿ ಇಳಿಯಲಾರದು. ಎಡೆಕುಂಟೆ ಹೊಡೆದು ಮಣ್ಣನ್ನು ಸಡಿಲವಾಗಿಡಬೇಕೆಂದು ಅಜ್ಜ ಹೇಳುತ್ತಿದ್ದುದು ಏಕೆಂದು ಮೊಮ್ಮಗನಿಗೆ ಆಗ ಹೊಳೆಯುತ್ತದೆ.

ಮಳೆಯನ್ನು ಅಳೆಯುವುದು ಇನ್ನೊಂದು ಆಟ. ಬಾಯಿಂದ ತಳದವರೆಗೆ ಒಂದೇ ಅಗಲವಿರುವ ಡಬ್ಬಿ, ಒಂದು ಅಳತೆಪಟ್ಟಿ, ಇಷ್ಟೇ ಸಲಕರಣೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆಗೆ ನಾಲ್ಕು ಸಾವಿರ ಲೀಟರಿಗೂ ಮಿಗಿಲು. ಶಾಲೆಗಳು ತೆರೆಯುವ ಹೊತ್ತಿಗೆ ರೋಹಿಣಿ ಮಳೆಯ ದಿನಗಳು. ಅದರ ಹಿಂದೆ ಮೃಗಶಿರ, ಆರಿದ್ರಾ, ಪುನರ್ವಸು. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ಅಜ್ಜಿಯ ಬಾಯಲ್ಲಿದೆ. ಅದು ನಿಜವೋ ಸುಳ್ಳೋ ಎಂದು ಡಬ್ಬಿಯ ಲೆಕ್ಕದೊಡನೆ ಹೋಲಿಸಿ ನೋಡಬಹುದಲ್ಲವೆ? ಚನ್ನಗಿರಿಯ ಶಾಲೆಯೂ ಜಗಳೂರಿನ ಶಾಲೆಯೂ ಒಂದೇ ದಿನದ ಅಳತೆಯನ್ನು ಅಂಚೆ ಕಾರ್ಡಿನಲ್ಲಿಯೋ ದೂರವಾಣಿಯಲ್ಲಿಯೋ ವಿನಿಮಯ ಮಾಡಿಕೊಂಡರೆ ಅದೊಂದು ಪಂದ್ಯವಾಗುತ್ತದೆ. ಜಗಳೂರಿನ ಮಕ್ಕಳು ಪಂದ್ಯದಲ್ಲಿ ಸೋಲುವುದೇ ಹೆಚ್ಚು. ಆದರೆ ಕೆಲವೇ ಮಿಲಿಮೀಟರ್ ನೀರಿನಲ್ಲಿ ಬೆಳೆ ತೆಗೆಯುವ ಜಾಣ್ಮೆ ಯಾರಿಗಿದೆ ಎಂಬ ಎರಡನೆಯ ಪಂದ್ಯವನ್ನೂ ಹೂಡಿದರೆ ಗೆಲುವು ಅವರದೇ. ಹೊನ್ನಾಳಿಯ ಬಳಿ ಹರಿದ ತುಂಗಭದ್ರೆಯ ನೀರನ್ನು ಏತದಿಂದ ಎತ್ತಿ ಜಗಳೂರಿನ ಕೆರೆಗಳಿಗೆ ಹರಿಸುವ ಯೋಜನೆಯ ಮಾತು ಬಂದಾಗ, ಒಂದು ಕೆರೆ ತುಂಬುವುದೆಂದರೆ ಎಷ್ಟು ಲೀಟರ್ ಎಂದು ಆ ಮಕ್ಕಳು ತಾವೇ ಲೆಕ್ಕ ಹಾಕಬಲ್ಲರು.

ರಾಜ್ಯದ ಅನೇಕ ಶಾಲೆಗಳಲ್ಲಿ ‘ಮಕ್ಕಳ ಸಂತೆ’ ನಡೆಯುತ್ತದೆ. ಮಕ್ಕಳು ಮನೆಯಿಂದ ಸೊಪ್ಪು, ತರಕಾರಿ, ನಿಂಬೆಹಣ್ಣು ತಂದು ಕೂಗಿ ಮಾರುತ್ತಾರೆ, ತಕ್ಕಡಿ ಹಿಡಿಯುತ್ತಾರೆ, ಚಿಲ್ಲರೆ ಎಣಿಸುತ್ತಾರೆ. ಸೊಗಸಾದ ಆಟ. ಆದರೆ ಅದರಲ್ಲಿ ಎಲ್ಲರೂ ವ್ಯಾಪಾರಿಗಳೇ. ಒಂದು ಸಲವಾದರೂ ಪಾತ್ರಗಳನ್ನು ಹಂಚಿ ನೋಡಬೇಕು. ಒಬ್ಬ ಬೆಳೆಗಾರ, ಒಬ್ಬ ಲಾರಿಯವನು, ಒಬ್ಬ ದಲ್ಲಾಳಿ, ಒಬ್ಬ ಅಂಗಡಿಕಾರ, ಕೊನೆಗೆ ಗಿರಾಕಿ. ಬೆಳೆಗಾರನಾದವನು ಮೊದಲು ಬೀಜಕ್ಕೆ, ಗೊಬ್ಬರಕ್ಕೆ, ಬಾಡಿಗೆಯ ಉಳುಮೆಗೆ ಕೈಯಿಂದ ಚೀಟಿಗಳನ್ನು ಕೊಟ್ಟಿರಬೇಕು. ಆಟ ಮುಗಿದಾಗ ಯಾರ ಕೈಯಲ್ಲಿ ಎಷ್ಟು ಚೀಟಿ ಉಳಿಯಿತೆಂದು ಎಣಿಸಬೇಕು. ಅಂಗಡಿಯವನು ತನ್ನ ಸರಕಿಗೆ ಬೆಲೆಯನ್ನು ತಾನೇ ಹೇಳುತ್ತಾನೆ; ತನ್ನ ಸರಕನ್ನು ತಂದು ‘ಎಷ್ಟಕ್ಕೆ ಕೊಳ್ಳುತ್ತೀರಿ?’ ಎಂದು ಕೇಳಬೇಕಾದವನು ರೈತನೊಬ್ಬನೇ. ಈ ಸಂಗತಿಯನ್ನು ಭಾಷಣದಲ್ಲಿ ಕೇಳಿದ ಮಗು ಆಕಳಿಸುತ್ತದೆ. ಆಟದಲ್ಲಿ ಅನುಭವಿಸಿದ ಮಗು ‘ಇದು ಅನ್ಯಾಯ’ ಎಂದು ಜಗಳಕ್ಕೆ ನಿಲ್ಲುತ್ತದೆ. ಆ ಜಗಳವನ್ನು ಉಪಾಧ್ಯಾಯರು ಅವಸರದಿಂದ ನಿಲ್ಲಿಸಬಾರದು.

ಆಟದ ಹೆಸರಿನಲ್ಲಿ ನಡೆಯುವುದೆಲ್ಲ ಇಂಥದ್ದಲ್ಲ. ಡಿಸೆಂಬರ್ 23ರ ರೈತ ದಿನದಂದು ಪುಟ್ಟ ಬಾಲಕನಿಗೆ ಕೆಂಪು ರುಮಾಲು ಸುತ್ತಿ, ಹೆಗಲ ಮೇಲೆ ರಟ್ಟಿನ ನೇಗಿಲನ್ನಿಟ್ಟು ಛದ್ಮವೇಷ ಹಾಕಿಸುವುದುಂಟು. ಚಿತ್ರ ಚೆನ್ನಾಗಿ ಬರುತ್ತದೆ. ಅದೇ ಶಾಲೆಯ ಬೇಲಿಯಾಚೆ ಟ್ರ್ಯಾಕ್ಟರಿನಲ್ಲಿ ಉಳುತ್ತಿರುವ ರೈತ ಅಂಗಿ, ಪ್ಯಾಂಟು ತೊಟ್ಟಿರುತ್ತಾನೆ. ಕಳೆ ಕೀಳುತ್ತಿರುವ ಸಾಲಿನಲ್ಲಿ ಇರುವವರು ಹೆಚ್ಚಾಗಿ ಹೆಂಗಸರು. ರುಮಾಲಿನ ಬೊಂಬೆಯನ್ನು ನೋಡಿದ ಕಣ್ಣಿಗೆ ಆ ಹೆಂಗಸರು ರೈತರೆಂದು ತೋರುವುದೇ ಇಲ್ಲ.

ಲೋಕದ ದೊಡ್ಡ ಶಿಕ್ಷಣತಜ್ಞರಿಗೆ ಈ ವಿಚಾರ ಹೊಸದಾಗಿರಲಿಲ್ಲ. ಜರ್ಮನಿಯ ಫ್ರೋಬೆಲ್ 1840ರಲ್ಲಿ ತನ್ನ ಶಿಶುಶಾಲೆಗೆ ‘ಮಕ್ಕಳ ತೋಟ’ ಎಂಬ ಅರ್ಥದ ‘ಕಿಂಡರ್‌ಗಾರ್ಟನ್’ ಎಂಬ ಹೆಸರನ್ನಿಟ್ಟ. ಅಲ್ಲಿ ಮಕ್ಕಳಿಗೆ ತಮ್ಮವೇ ಆದ ಪುಟ್ಟ ಮಡಿಗಳಿದ್ದವು. ಇಂದು ಆ ಹೆಸರನ್ನು ಹೊತ್ತ ಎಷ್ಟು ಶಾಲೆಗಳಲ್ಲಿ ಒಂದು ಗಿಡವಿದೆಯೋ! ರವೀಂದ್ರನಾಥ ಠಾಕೂರರು 1922ರಲ್ಲಿ ಶ್ರೀನಿಕೇತನವನ್ನು ಸ್ಥಾಪಿಸಿದರು. ಅಲ್ಲಿ ಉಳುಮೆಯೇ ‘ಹಲಕರ್ಷಣ’ ಎಂಬ ಹಬ್ಬವಾಯಿತು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಆಟ, ನಾಟಕಗಳ ನಡುವೆ ಮಕ್ಕಳನ್ನು ಬೆಳೆಸುವ ಪ್ರಯೋಗ ಮಾಡಿದರು. ಜಪಾನಿನಲ್ಲಿ ಆಹಾರದ ಶಿಕ್ಷಣಕ್ಕಾಗಿ 2005ರಲ್ಲಿ ಒಂದು ಕಾನೂನೇ ಆಯಿತು. ಗದ್ದೆಯಿಲ್ಲದ ಪಟ್ಟಣದ ಮಕ್ಕಳು ಅಲ್ಲಿ ಬಕೆಟ್ಟಿನಲ್ಲಿ ಕೆಸರು ತುಂಬಿ ಭತ್ತದ ಸಸಿ ನೆಡುತ್ತಾರೆ. ಬೆಳೆದ ಒಂದು ಹಿಡಿ ಅಕ್ಕಿಯನ್ನು ತಾವೇ ಉಣ್ಣುತ್ತಾರೆ. ನೂರು ಕಿಲೋ ಭತ್ತಕ್ಕೆ ಅಕ್ಕಿ ದೊರೆಯುವುದು ಅರವತ್ತೇಳು ಕಿಲೋದಷ್ಟು ಮಾತ್ರ ಎಂಬುದು ಆ ಮಕ್ಕಳಿಗೆ ಕುಟ್ಟುವಾಗಲೇ ತಿಳಿದಿರುತ್ತದೆ.

ಆದರೂ ಈ ವಿಚಾರಕ್ಕೆ ಒಂದು ಬಲವಾದ ಆಕ್ಷೇಪಣೆಯುಂಟು. ಅದನ್ನು ಎತ್ತುವವರು ಪಟ್ಟಣದ ಪಂಡಿತರಲ್ಲ. ಹೊಲದಲ್ಲಿ ಬೆನ್ನು ಬಾಗಿಸಿದ ತಾಯಂದಿರು. ‘ಮಣ್ಣಿನ ಕೆಲಸ ಬಿಡಲಿ ಎಂದೇ ಶಾಲೆಗೆ ಕಳಿಸಿದೆವು, ನೀವು ಮತ್ತೆ ಗುದ್ದಲಿ ಕೊಡುತ್ತೀರಲ್ಲ ಸ್ವಾಮಿ?’ ಎಂದು ಕೇಳಿದರೆ ಥಟ್ಟನೆ ಉತ್ತರ ಹೇಳುವುದು ಸುಲಭವಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದ ಯೋಜನೆ ನಿರೀಕ್ಷಿಸಿದಷ್ಟು ಬೇರೂರದಿದ್ದುದಕ್ಕೆ ಇದೂ ಒಂದು ಕಾರಣ. ಬಡವರ ಮಕ್ಕಳಿಗೆ ರಾಟೆ ಮತ್ತು ಗುದ್ದಲಿ, ಉಳ್ಳವರ ಮಕ್ಕಳಿಗೆ ಪುಸ್ತಕ ಎಂಬ ಸಂಶಯ ಜನರಲ್ಲಿ ಮೂಡಿತು. ಮಕ್ಕಳ ದುಡಿಮೆಯಿಂದ ಶಾಲೆಯ ಖರ್ಚು ಹುಟ್ಟಬೇಕೆಂಬ ಮಾತು ಆ ಸಂಶಯವನ್ನು ಹೆಚ್ಚಿಸಿತು. ಆ ತಾಯಂದಿರ ಮಾತನ್ನು ಅಲ್ಲಗಳೆಯುವುದು ಅನ್ಯಾಯ. ಸಾಲದ ಭಾರ, ಬೆಲೆಯ ಕುಸಿತ, ಮಳೆಯ ಮೋಸ ಇವುಗಳನ್ನು ಕಂಡುಂಡವರು ಮಕ್ಕಳಿಗೆ ಬೇರೆ ದಾರಿಯನ್ನು ಹಾರೈಸಿದರೆ ಅದರಲ್ಲಿ ತಪ್ಪೇನಿದೆ?

ಅವರಿಗೆ ಹೇಳಬಹುದಾದ ಮಾತು ಇಷ್ಟೆ. ಹೊಲವನ್ನು ಅರಿಯುವುದು ಬೇರೆ, ಹೊಲಕ್ಕೆ ಕಟ್ಟುಬೀಳುವುದು ಬೇರೆ. ಈ ಆಟಗಳನ್ನಾಡಿದ ಹುಡುಗಿ ಮುಂದೆ ವೈದ್ಯೆಯಾಗಬಹುದು, ಬ್ಯಾಂಕಿನ ಅಧಿಕಾರಿಯಾಗಬಹುದು, ಶಾಸಕಿಯೂ ಆಗಬಹುದು. ಸಾಲ ಕೇಳಿ ಬಂದ ಬೆಳೆಗಾರ ಅವಳ ಮೇಜಿನ ಮುಂದೆ ನಿಂತಾಗ, ಹೂವಿನ ಹೊತ್ತಿನಲ್ಲಿ ಹದಿನೈದು ದಿನ ಮಳೆ ತಪ್ಪಿತೆಂದರೆ ಏನೆಂಬುದನ್ನು ಅವನು ಅವಳಿಗೆ ವಿವರಿಸಬೇಕಾಗಿ ಬರುವುದಿಲ್ಲ. ಹೊಲದಲ್ಲಿಯೇ ಉಳಿಯಬಯಸಿದವನು ಸೋತು ಉಳಿದವನೆನಿಸದೆ ಆರಿಸಿಕೊಂಡು ಉಳಿದವನಾಗುತ್ತಾನೆ. ಇದಕ್ಕೆ ವಾರಕ್ಕೆ ಒಂದು ತಾಸು ಸಾಕು; ಶಾಲೆಯ ತೋಟದಿಂದ ಆದಾಯವನ್ನು ಎಣಿಸುವ ಅಗತ್ಯವೇ ಇಲ್ಲ.

ಆದರೆ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ತಡವಾಗಿ ಬಂದವನಿಗೆ ಗಿಡಗಳಿಗೆ ನೀರು ಹೊರುವ ಶಿಕ್ಷೆ, ಕೊನೆಯ ಬೆಂಚಿನವರಿಗೆ ಕಳೆ ಕೀಳುವ ಕೆಲಸ, ಹುಡುಗಿಯರಿಗೆ ಮಾತ್ರ ಕಸಬರಿಗೆ ಎಂಬ ಪದ್ಧತಿ ಎಲ್ಲಿದೆಯೋ ಅಲ್ಲಿ ಆಟವೂ ಇಲ್ಲ, ಪಾಠವೂ ಇಲ್ಲ. ಗೊಬ್ಬರದ ಬುಟ್ಟಿಯನ್ನು ಯಾರ ಮಗ ಎತ್ತುತ್ತಾನೆ, ಯಾರ ಮಗ ನೋಡುತ್ತ ನಿಲ್ಲುತ್ತಾನೆ ಎಂಬುದನ್ನು ಊರು ಗಮನಿಸುತ್ತಿರುತ್ತದೆ. ಸರದಿಯ ಚೀಟಿ ಎತ್ತಿಸುವುದು ಒಳ್ಳೆಯದು. ಮುಖ್ಯೋಪಾಧ್ಯಾಯರ ಹೆಸರೂ ಆ ಡಬ್ಬಿಯಲ್ಲಿರಲಿ. ದನ ಕಾಯುವ ಹುಡುಗನಿಗೆ ಯಾವ ಹುಲ್ಲನ್ನು ಎಮ್ಮೆ ಮೂಸಿ ಬಿಡುತ್ತದೆ ಎಂಬುದು ಗೊತ್ತಿರುತ್ತದೆ. ಆ ಒಂದು ತಾಸು ಅವನು ಮಾತನಾಡಲಿ, ಮೇಷ್ಟರು ಬರೆದುಕೊಳ್ಳಲಿ.

ಶಾಲೆಯ ತೋಟಕ್ಕೆ ದೊಡ್ಡ ಶತ್ರು ಬೇಸಿಗೆಯ ರಜೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಹಾಕುವವರಿಲ್ಲದೆ ಉತ್ಸಾಹದ ಎಷ್ಟೋ ತೋಟಗಳು ಒಣಗಿಹೋಗುತ್ತವೆ. ಆದುದರಿಂದ ಮುಂಗಾರಿನಲ್ಲಿ ಬಿತ್ತಿ ದೀಪಾವಳಿಯ ಆಸುಪಾಸಿಗೆ ಕೈಗೆ ಬರುವ ರಾಗಿ, ನವಣೆ, ಅವರೆ, ಮೆಕ್ಕೆಜೋಳಗಳನ್ನು ಆರಿಸಿಕೊಳ್ಳುವುದು ಮೇಲು. ಕೊಯ್ಲಾದ ಮೇಲೆ ಒಂದೊಂದು ಹಿಡಿ ಕಾಳನ್ನು ಬೂದಿ ಬೆರೆಸಿ ಕುಡಿಕೆಯಲ್ಲಿಟ್ಟು, ಬಾಯಿ ಕಟ್ಟಿ, ಒಂಬತ್ತನೆಯ ತರಗತಿಯವರು ಎಂಟನೆಯ ತರಗತಿಯವರ ಕೈಗೆ ಒಪ್ಪಿಸಬಹುದು. ಜೂನಿನಲ್ಲಿ ಆ ಕಿರಿಯರು ಅವನ್ನು ಅಕ್ಕಪಕ್ಕದ ಸಾಲುಗಳಲ್ಲಿ ಬಿತ್ತುತ್ತಾರೆ. ರಾಗಿಯ ಸಾಲು ಹೋದ ವರ್ಷದಂತೆಯೇ ಒಂದೇ ಸಮನಾಗಿ ಬರುತ್ತದೆ. ಸಂಕರಣ ತಳಿಯ ಮೆಕ್ಕೆಜೋಳದ ಸಾಲಿನಲ್ಲಿ ಮಾತ್ರ ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದರ ತೆನೆ ದಪ್ಪ, ಇನ್ನೊಂದರದು ಬಡಕಲು. ಆಗ ಆ ಮಕ್ಕಳಲ್ಲಿ ಒಬ್ಬರಾದರೂ ಕೇಳದೆ ಇರಲಾರರು: ಅಪ್ಪ ಪ್ರತಿ ವರ್ಷವೂ ಅಂಗಡಿಯಿಂದ ಬೀಜದ ಪೊಟ್ಟಣವನ್ನು ತರುತ್ತಾನಲ್ಲ, ಅದು ಇದಕ್ಕಾಗಿಯೋ?